ಮೂರು ತಿಂಗಳ ಅನುಭವ ಪತ್ರ

ಅನ್ವಿತಾಳಿಗೆ ಚಿಕ್ಕಂದಿನಿಂದಲೂ ಕಾಗದಗಳೆಂದರೆ ಭಯ. ಅವಳು ಹುಟ್ಟಿದ್ದು ಬಹರೈನ್‌ನ ಸಲ್ಮಾನಿಯಾದ ದೊಡ್ಡ ಆಸ್ಪತ್ರೆಯಲ್ಲಿ, ಬೆಳೆದದ್ದು ಜಿಂಜ್‌ನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ. ಆದರೂ ಆ ದೇಶದಲ್ಲಿ ಅವಳು ಇರಬಹುದಾದದ್ದು ತಂದೆ ಜಯಪಾಲರ ವೀಸಾ ಇರುವವರೆಗೆ. ಜಯಪಾಲರ ವೀಸಾ ಇರುವುದು ಸಲ್ಮಾಬಾದ್‌ನ ಕಟ್ಟಡ ಸಾಮಗ್ರಿಯ ಗೋದಾಮಿನಲ್ಲಿ ಅವರ ಕೆಲಸ ಇರುವವರೆಗೆ. ಎರಡು ವರ್ಷಕ್ಕೊಮ್ಮೆ ಮನೆಯ ಮೂರೂ ಪಾಸ್‌ಪೋರ್ಟುಗಳು ಮುದ್ರೆಗಾಗಿ ಕಂಪನಿಗೆ ಹೋಗುತ್ತಿದ್ದವು. ಅವು ವಾಪಸು ಬರುವವರೆಗೆ ತಾಯಿ ಆಶಾಲತಾ ಜೋರಾಗಿ ನಗುತ್ತಿರಲಿಲ್ಲ.

ಇಂಗ್ಲಿಷಿನ ಕಾಗದ ಯಾವುದು ಬಂದರೂ ಜಯಪಾಲರು ಸಹಿ ಹಾಕುವ ಮೊದಲು ಮಗಳನ್ನು ಕರೆಯುತ್ತಿದ್ದರು. "ಅನ್ವಿ, ಇದ್ರಲ್ಲಿ ಎಂತ ಉಂಟು ನೋಡು. ಸಣ್ಣ ಅಕ್ಷರದ್ದು ಸಹ ನೋಡು." ಬಾಡಿಗೆ ಕರಾರು, ಕಾರಿನ ವಿಮೆ, ಗೋದಾಮಿನ ಹೊಸ ನಿಯಮಗಳು, ಎಲ್ಲವನ್ನೂ ಅವಳು ಗಟ್ಟಿಯಾಗಿ ಓದುತ್ತಿದ್ದಳು. ಹೆದರಿಸುವ ವಸ್ತುವನ್ನು ಇಷ್ಟು ಹತ್ತಿರದಿಂದ ನೋಡಿದವಳಿಗೆ ಅದರ ಮೇಲೆ ಒಂದು ಬಗೆಯ ಆಸಕ್ತಿಯೂ ಹುಟ್ಟಿತು. ಹನ್ನೆರಡನೇ ತರಗತಿ ಮುಗಿದಾಗ ಕಾನೂನು ಓದುತ್ತೇನೆ ಎಂದಳು. 2011ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಲೆಸ್ಟರ್‌ಗೆ ಹೋದಳು.

ಅಲ್ಲಿ ಹೋದ ಮೇಲೆ ಗೊತ್ತಾದದ್ದು, ಪದವಿ ಸಿಕ್ಕಿದ ಮಾತ್ರಕ್ಕೆ ಯಾರೂ ಸಾಲಿಸಿಟರ್, ಅಂದರೆ ವಕೀಲ, ಆಗುವುದಿಲ್ಲ ಎಂದು. ಯಾವುದಾದರೊಂದು ವಕೀಲಿ ಸಂಸ್ಥೆ ಎರಡು ವರ್ಷದ ತರಬೇತಿಗೆ ತೆಗೆದುಕೊಳ್ಳಬೇಕು. ಅದಕ್ಕೆ ಟ್ರೈನಿಂಗ್ ಕಾಂಟ್ರಾಕ್ಟ್ ಎನ್ನುತ್ತಾರೆ. ಅದನ್ನು ಕೊಡುವ ಮೊದಲು ಸಂಸ್ಥೆಗಳು ಎರಡನೇ ವರ್ಷದ ವಿದ್ಯಾರ್ಥಿಗಳಲ್ಲಿ ಕೆಲವರನ್ನು ಬೇಸಿಗೆ ರಜೆಯಲ್ಲಿ ಎರಡು ವಾರ ಕರೆಸಿ, ಕೆಲಸ ಕೊಟ್ಟು, ಅಳೆದು ನೋಡುತ್ತವೆ. ಇದು ವೆಕೇಶನ್ ಸ್ಕೀಮ್. ಒಂದೊಂದು ಸಂಸ್ಥೆಯಲ್ಲೂ ಹತ್ತು ಹದಿನೈದು ಜಾಗ, ಸಾವಿರಾರು ಅರ್ಜಿ. ಅನ್ವಿತಾ ಒಂಬತ್ತು ಅರ್ಜಿ ಹಾಕಿದಳು. ಒಂಬತ್ತೂ ತಿರುಗಿ ಬಂದವು. ಅರ್ಜಿಯಲ್ಲಿ ಎಲ್ಲ ಕೋಷ್ಟಕಗಳನ್ನೂ ಅವಳು ತುಂಬಬಲ್ಲವಳಾಗಿದ್ದಳು, ಒಂದರ ಹೊರತು: ಕಾನೂನು ಕ್ಷೇತ್ರದ ಕೆಲಸದ ಅನುಭವ.

2012ರ ಡಿಸೆಂಬರ್‌ನಲ್ಲಿ ರಜೆಗೆ ಮನೆಗೆ ಬಂದವಳು ಹತ್ತನೇ ಅರ್ಜಿಯ ಮುಂದೆ ಕೂತಿದ್ದಳು. ಜಯಪಾಲರು ಬೆನ್ನ ಹಿಂದೆ ನಿಂತು ಲ್ಯಾಪ್‌ಟಾಪ್ ನೋಡಿದರು.

"ಈ ಜಾಗ ಯಾಕೆ ಖಾಲಿ?"

"ಅನುಭವ ಕೇಳ್ತಾರೆ ಪಪ್ಪಾ. ನಂಗೆ ಇಲ್ಲ."

"ಇಲ್ಲ ಎಂತ? ಜುಲೈಯಲ್ಲಿ ಹರ್ಬರ್ಟ್ ಅಂಕಲ್‌ನ ಆಫೀಸಿಗೆ ಹೋಗಿದ್ದಿಯಲ್ಲ?"

"ಅದು ಆರು ದಿನ. ಝೆರಾಕ್ಸ್ ಮಾಡಿದ್ದು."

"ಹೋಗಿದ್ದಿಯೋ ಇಲ್ವೋ?"

ಹರ್ಬರ್ಟ್ ಮಂಗಳೂರಿನ ಬಿಜೈಯವರು. ಮನಾಮದಲ್ಲಿ ಒಬ್ಬ ಬಹರೈನಿ ವಕೀಲರ ಕಚೇರಿಯನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದರು. ವಕೀಲರನ್ನು ಅವರು, ಅಲ್ಲಿಯ ರೂಢಿಯಂತೆ, ಉಸ್ತಾದ್ ಎಂದು ಕರೆಯುತ್ತಿದ್ದರು. ಅನ್ವಿತಾ ಅಲ್ಲಿಗೆ ಹೋದ ಆ ದಿನಗಳಲ್ಲಿ ಫೈಲುಗಳೆಲ್ಲ ಅರಬ್ಬಿಯಲ್ಲಿದ್ದವು. ಅವಳು ಪ್ರತಿ ತೆಗೆದಳು, ಪಂಚ್ ಮಾಡಿದಳು, ಚಹಾ ಕುಡಿದಳು. ಅಷ್ಟರಲ್ಲಿ ರಂಜಾನ್ ಬಂತು, ಕಚೇರಿಯ ಹೊತ್ತು ಇಳಿಯಿತು, ಅವಳು ಹೋಗುವುದನ್ನು ನಿಲ್ಲಿಸಿದಳು.

ಎರಡು ದಿನ ಬಿಟ್ಟು ಜಯಪಾಲರು ಒಂದು ಕವರ್ ತಂದು ಮೇಜಿನ ಮೇಲಿಟ್ಟರು. ವಕೀಲರ ಲೆಟರ್‌ಹೆಡ್, ನೇರಳೆ ಬಣ್ಣದ ದುಂಡು ಮುದ್ರೆ, ಹರ್ಬರ್ಟರ ಸಹಿ. ಕುಮಾರಿ ಅನ್ವಿತಾ 2012ರ ಜೂನ್ 17ರಿಂದ ಸೆಪ್ಟೆಂಬರ್ 13ರವರೆಗೆ ಈ ಕಚೇರಿಯಲ್ಲಿ ಕಾನೂನು ತರಬೇತಿ ಪಡೆದಿರುತ್ತಾರೆ, ಅವರ ನಡತೆ ತೃಪ್ತಿಕರವಾಗಿರುತ್ತದೆ.

ಆ ಮನೆಯಲ್ಲಿ ಇದನ್ನು ಯಾರೂ ಸುಳ್ಳು ಎಂದು ಕರೆಯಲಿಲ್ಲ. ಕೊಲ್ಲಿಗೆ ಬಂದ ಒಂದು ಇಡೀ ತಲೆಮಾರಿಗೆ ಅನುಭವ ಪತ್ರವೆಂದರೆ ಪಾಸ್‌ಪೋರ್ಟ್ ಫೋಟೋಕ್ಕೆ ಸ್ಟುಡಿಯೋದವನು ಕೊಡುವ ಕೋಟಿನ ಹಾಗೆ. ತನ್ನದಲ್ಲ ಎಂದು ಎಲ್ಲರಿಗೂ ಗೊತ್ತು, ಆದರೆ ಹಾಕಿಕೊಳ್ಳದೆ ಫೋಟೋ ಇಲ್ಲ. ಜಯಪಾಲರೇ 1988ರಲ್ಲಿ, ತಾವೆಂದೂ ಕಾಲಿಡದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ವರ್ಷ ಸ್ಟೋರ್‌ಕೀಪರ್ ಆಗಿದ್ದೆ ಎಂಬ ಪತ್ರ ಹಿಡಿದು ಮಂಗಳೂರಿನ ಹತ್ತಿರದ ಹಳೆಯಂಗಡಿ ಎಂಬ ಊರಿನಿಂದ ಬಂದವರು. ಕೆಲಸವನ್ನು ಇಲ್ಲಿ ಬಂದು ಕಲಿತರು, ಚೆನ್ನಾಗಿಯೇ ಕಲಿತರು. ಗೋದಾಮಿನಲ್ಲಿ ಇವತ್ತು ಒಂದು ಬೋಲ್ಟು ಕಡಿಮೆಯಾದರೂ ಅವರಿಗೆ ಗೊತ್ತಾಗುತ್ತದೆ.

ಅನ್ವಿತಾ ಮೂರು ತಿಂಗಳು ಎಂದು ತುಂಬಿದಳು. ಅರ್ಜಿಯ ಕೊನೆಯಲ್ಲಿ, ಮೇಲಿನದೆಲ್ಲ ಸತ್ಯ ಎಂಬ ಸಾಲಿನ ಮುಂದೆ ಗುರುತು ಹಾಕಿದಳು.

ಫೆಬ್ರವರಿಯಲ್ಲಿ ಲಂಡನ್ನಿನಿಂದ ಸಂದರ್ಶನಕ್ಕೆ ಕರೆ ಬಂತು. ಮೇಜಿನ ಆಚೆ ಇಬ್ಬರು ವಕೀಲರು ಕೂತಿದ್ದರು. ಅವರು ಕೇಳಿದ್ದು ಹೆಚ್ಚಾಗಿ ಆ ಮೂರು ತಿಂಗಳ ಬಗ್ಗೆಯೇ. ಏನು ಮಾಡಿದೆ, ಯಾವ ಬಗೆಯ ಕೇಸು, ನಿನ್ನ ಕೆಲಸ ನೋಡಿಕೊಳ್ಳುತ್ತಿದ್ದವರು ಯಾರು? ಅನ್ವಿತಾಳ ಮಾತು ನಿಲ್ಲಲಿಲ್ಲ. ತಂದೆಯ ಗೋದಾಮಿನಲ್ಲಿ ನಡೆದ ಫೋರ್ಕ್‌ಲಿಫ್ಟ್ ಡ್ರೈವರ್ ಒಬ್ಬನ ಸಂಬಳದ ಜಗಳವನ್ನು ಕಚೇರಿಯ ಕೇಸು ಮಾಡಿ ಹೇಳಿದಳು. ಮೇಲ್ವಿಚಾರಣೆ ವಕೀಲರದ್ದೇ ಎಂದಳು. ವಕೀಲರು ಅವಳನ್ನು ಆ ದಿನಗಳಲ್ಲಿ ಒಮ್ಮೆ ಬಾಗಿಲಲ್ಲಿ ನೋಡಿ ತಲೆಯಾಡಿಸಿದ್ದರು, ಅಷ್ಟೆ.

ಮಾರ್ಚಿನಲ್ಲಿ ಜಾಗ ಸಿಕ್ಕಿತು. ಜುಲೈಯಲ್ಲಿ ಎರಡು ವಾರ. ಜಿಂಜ್‌ನ ಫ್ಲ್ಯಾಟಿನಲ್ಲಿ ಆಶಾಲತಾ ಪಾಯಸ ಮಾಡಿ ಎದುರು ಮನೆಯವರಿಗೂ ಕೊಟ್ಟರು.

ಅದೇ ತಿಂಗಳು ಲೆಸ್ಟರ್‌ನ ತರಗತಿಯಲ್ಲಿ ವೃತ್ತಿನೀತಿಯ ಪಾಠ ಮಾಡುತ್ತಿದ್ದ ಅಧ್ಯಾಪಕಿ, ಎಲ್ಲ ಪರೀಕ್ಷೆ ಪಾಸಾಗಿ ತರಬೇತಿಯನ್ನೂ ಮುಗಿಸಿದ ಒಬ್ಬ ಹುಡುಗನ ವಿಷಯ ಹೇಳಿದರು. ಅರ್ಜಿಯಲ್ಲಿ ಅಂಕಗಳನ್ನು ತಿದ್ದಿದ್ದ. ಆರು ವರ್ಷ ಕಳೆದ ಮೇಲೆ ಗೊತ್ತಾಯಿತು. "ಅವನು ಈಗ ವಕೀಲನಲ್ಲ. ಇನ್ನು ಆಗುವುದೂ ಇಲ್ಲ" ಎಂದು ಹೇಳಿ ಮುಂದಿನ ಪುಟಕ್ಕೆ ಹೋದರು. ಅನ್ವಿತಾಳಿಗೆ ಉಳಿದ ಪಾಠ ಕೇಳಿಸಲಿಲ್ಲ.

ಏಪ್ರಿಲ್‌ನ ಈಸ್ಟರ್ ರಜೆಗೆ ಬಹರೈನ್‌ಗೆ ಬಂದಿದ್ದಾಗ, ಒಂದು ಗುರುವಾರ ಸಂಜೆ ಇಮೇಲ್ ಬಂತು. ಜುಲೈಯಲ್ಲಿ ಬರುವ ಎಲ್ಲರ ಹಿನ್ನೆಲೆಯನ್ನೂ ಪರಿಶೀಲಿಸುವುದು ತಮ್ಮ ಪದ್ಧತಿ ಎಂದು ಲಂಡನ್ನಿನವರು ಬರೆದಿದ್ದರು. ಆ ಕೆಲಸವನ್ನು ಬೇರೊಂದು ಕಂಪನಿಗೆ ವಹಿಸಿದೆ. ಅವರು ಸೋಮವಾರದಿಂದ ನೀವು ಹೆಸರಿಸಿದ ಮೇಲ್ವಿಚಾರಕರನ್ನು ನೇರವಾಗಿ ಸಂಪರ್ಕಿಸುತ್ತಾರೆ.

ಅವಳು ಅದನ್ನು ನಾಲ್ಕು ಸಲ ಓದಿದಳು. ಮೇಲ್ವಿಚಾರಕರು ಎಂದರೆ ಹರ್ಬರ್ಟ್ ಅಲ್ಲ, ಉಸ್ತಾದ್. ಸಂದರ್ಶನದಲ್ಲಿ ಹೇಳಿದ ಹೆಸರನ್ನೇ ಆಮೇಲೆ ಬಂದ ಫಾರಂನಲ್ಲೂ ಬರೆದಿದ್ದಳು, ಕಚೇರಿಯ ವೆಬ್‌ಸೈಟಿನಲ್ಲಿದ್ದ ಅವರ ಸ್ವಂತ ನಂಬರಿನ ಸಮೇತ. ಲ್ಯಾಪ್‌ಟಾಪನ್ನು ಹಾಗೇ ಎತ್ತಿಕೊಂಡು ತಂದೆಯ ಹತ್ತಿರ ಹೋದಳು.

ವಿಷಯ ಕೇಳಿದ ಜಯಪಾಲರು ಗಾಬರಿಯಾಗಲಿಲ್ಲ. "ಇಷ್ಟೇಯಾ? ನಾಳೆ ಶುಕ್ರವಾರ, ಹರ್ಬರ್ಟ್ ಪೊರ್ಬುಗಳು ಚರ್ಚಿನಲ್ಲಿ ಸಿಗ್ತಾರೆ. ಹೇಳುವ."

ಬಹರೈನ್‌ನಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ಕ್ರೈಸ್ತರ ಭಾನುವಾರದ ಬಲಿಪೂಜೆಯೂ ಆವತ್ತೇ ನಡೆಯುತ್ತದೆ. ಮರುದಿನ ಬೆಳಿಗ್ಗೆ ಮನಾಮದ ಚರ್ಚಿನ ಅಂಗಳದಲ್ಲಿ ಕೊಂಕಣಿ, ಮಲಯಾಳ, ಫಿಲಿಪೀನ್ಸಿನವರ ತಗಾಲೊಗ್ ಒಟ್ಟಿಗೆ ಕೇಳಿಸುತ್ತಿದ್ದವು. ಹರ್ಬರ್ಟ್ ಇಸ್ತ್ರಿ ಹಾಕಿದ ಬಿಳಿ ಶರ್ಟಿನಲ್ಲಿ ಬಂದರು. ಪಕ್ಕದಲ್ಲಿ ಹೆಂಡತಿ ಬ್ರಿಜಿಟ್.

"ಬಂದ್ರಾ ಲಂಡನ್ ಲಾಯರ್!" ಎಂದರು ಹರ್ಬರ್ಟ್. "ನಾಳೆ ನಮ್ಮನ್ನೆಲ್ಲ ಗುರುತು ಹಿಡೀತಿಯೋ ಇಲ್ವೋ?"

ಜಯಪಾಲರು ವಿಷಯ ಹೇಳಿದರು. ಹರ್ಬರ್ಟ್ ನಕ್ಕರು.

"ಅದಕ್ಕೆ ಇಷ್ಟು ದೂರ ಬರ್ಬೇಕಿತ್ತಾ ಮಾರಾಯ್ರೆ? ನನ್ನ ಲೆಟರ್ ತಗೊಂಡು ಹೋದವರು ಕಡಿಮೆಯಲ್ಲಿ ನಲವತ್ತು ಜನ ಇದ್ದಾರೆ. ದುಬೈಯಿಂದ ಫೋನ್ ಬಂದಿದೆ, ಕೆನಡಾದಿಂದ ಬಂದಿದೆ. ನಾನೇ ತೆಗೀತೇನೆ, ವೆರಿ ಗುಡ್ ಬಾಯ್, ವೆರಿ ಗುಡ್ ಗರ್ಲ್, ಮುಗೀತು. ಬೇಕಾದ್ರೆ ಮೂರು ತಿಂಗಳಿದ್ದದ್ದನ್ನು ಆರು ಮಾಡಿ ಹೇಳ್ತೇನೆ."

"ಅಂಕಲ್," ಅನ್ವಿತಾ ನಡುವೆ ಹೇಳಿದಳು, "ಅವರು ನಿಮಗೆ ಮಾಡುದಿಲ್ಲ. ಉಸ್ತಾದ್‌ಗೆ ಮಾಡ್ತಾರೆ."

"ಉಸ್ತಾದ್‌ಗೆ ಯಾಕೆ?"

"ಫಾರಂನಲ್ಲಿ ನಾನು ಅವರ ಹೆಸರು ಬರ್ದಿದ್ದೇನೆ. ನಂಬರ್ ಸಹ."

ಹರ್ಬರ್ಟರ ಮುಖದಲ್ಲಿ ನಗು ಇನ್ನೂ ಇತ್ತು, ಕಣ್ಣಿನಲ್ಲಿ ಇರಲಿಲ್ಲ. ಅವರು ಜೇಬಿನಿಂದ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

"ಅವರಿಗೆ ಲೆಟರ್‌ನ ವಿಷಯ ಗೊತ್ತಿಲ್ಲ ಮಗಾ" ಎಂದರು ಮೆಲ್ಲಗೆ. "ನಲವತ್ತರಲ್ಲಿ ಒಂದರ ವಿಷಯ ಸಹ ಗೊತ್ತಿಲ್ಲ. ಮುದ್ರೆ ನನ್ನ ಡ್ರಾಯರ್‌ನಲ್ಲಿ ಇರುದು."

 ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ದೇಶ ಬಿಡಬೇಕು ಎಂಬುದನ್ನು ಆ ಅಂಗಳದಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಬ್ರಿಜಿಟ್ ಗಂಡನ ತೋಳು ಹಿಡಿದುಕೊಂಡೇ ಅನ್ವಿತಾಳ ಕಡೆ ತಿರುಗಿದರು.

"ಇವರಿಗೆ ಬುದ್ಧಿ ಇಲ್ಲ, ಕೇಳಿದವರಿಗೆಲ್ಲ ಹಂಚ್ತಾರೆ. ನೀನು ಕಾನೂನು ಕಲಿಯುವವಳಲ್ವಾ ಮಗಾ? ನಿನಗೆ ಸಹ ಗೊತ್ತಾಗ್ಲಿಲ್ವಾ?"

 ವಾಪಸು ಬರುವಾಗ ಕಾರಿನಲ್ಲಿ ಜಯಪಾಲರು ಎರಡು ಸಲ ತಪ್ಪು ತಿರುವು ತೆಗೆದುಕೊಂಡರು. ಇಪ್ಪತ್ತೈದು ವರ್ಷ ಓಡಿಸಿದ ರಸ್ತೆ ಅದು.

ಅವಳಿಗೆ ಈಗ ಉಳಿದದ್ದು ಶನಿವಾರ ಮತ್ತು ಭಾನುವಾರ. ಮನೆಯಲ್ಲಿ ಫೋನ್ ಸದ್ದಾದರೆ ಮೂವರೂ ಬೆಚ್ಚುತ್ತಿದ್ದರು, ಸೋಮವಾರಕ್ಕೆ ಮೊದಲು ಯಾರೂ ಮಾಡುವುದಿಲ್ಲ ಎಂದು ಗೊತ್ತಿದ್ದೂ. ಅನ್ವಿತಾ ಊಟದ ತಟ್ಟೆಯ ಮುಂದೆ ಕೂತು ಲೆಕ್ಕ ಹಾಕುತ್ತಿದ್ದಳು. ಉಸ್ತಾದ್ ಫೋನೆತ್ತಿ, ಯಾವ ಹುಡುಗಿ ಎಂದು ಕೇಳುತ್ತಾರೆ. ಲಂಡನ್ನಿನವರು ವಿಶ್ವವಿದ್ಯಾಲಯಕ್ಕೆ ಬರೆಯುತ್ತಾರೆ. ಸಾಲಿಸಿಟರುಗಳ ಮೇಲೆ ಕಣ್ಣಿಡುವ ಸಂಸ್ಥೆ ಅವಳ ಹೆಸರಿನಲ್ಲಿ ಒಂದು ಫೈಲು ತೆರೆಯುತ್ತದೆ. ಅವಳು ಇನ್ನು ಏನೇ ಓದಿದರೂ ಅದು ಆ ಫೈಲಿನ ಬಾಗಿಲಲ್ಲಿ ನಿಲ್ಲುತ್ತದೆ.

ಶನಿವಾರ ಮಧ್ಯಾಹ್ನ ಆಶಾಲತಾ ಒಂದು ಉಪಾಯ ಹೇಳಿದರು. ಅವರು ಖಾಸಗಿ ಕ್ಲಿನಿಕ್ಕೊಂದರ ರಿಸೆಪ್ಷನ್‌ನಲ್ಲಿ ಕೆಲಸ ಮಾಡುತ್ತಿದ್ದರು.

"ಬರುದಿಲ್ಲ ಅಂತ ಬರ್ದು ಬಿಡು. ಹುಷಾರಿಲ್ಲ ಅಂತ. ನೀನೇ ಬರುದಿಲ್ಲ ಅಂದ್ರೆ ಅವರು ಯಾಕೆ ಫೋನ್ ಮಾಡ್ತಾರೆ? ಹರ್ಬರ್ಟಣ್ಣ ಸಹ ಉಳೀತಾರೆ."

ಮಾತು ಸರಿಯಾಗಿತ್ತು. ಅನ್ವಿತಾ ಅಲ್ಲೇ ಕೂತು ಬರೆಯತೊಡಗಿದಳು. ಆರೋಗ್ಯದ ಕಾರಣದಿಂದ ಎಂಬಲ್ಲಿಗೆ ಬಂದಾಗ ಕೇಳಿದಳು: "ಏನು ಕಾಯಿಲೆ ಅಂತ ಕೇಳಿದ್ರೆ?"

"ಅದಕ್ಕೆ ಎಂತ? ನಮ್ಮ ಡಾಕ್ಟ್ರ ಹತ್ರ ಹೇಳಿ ಒಂದು ಸರ್ಟಿಫಿಕೇಟ್..."

ಆಶಾಲತಾ ಅಲ್ಲಿಗೇ ನಿಂತರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜಯಪಾಲರು ನೆಲ ನೋಡಿದರು. ಮೂವರಲ್ಲಿ ಯಾರಾದರೂ ನಕ್ಕಿದ್ದರೆ ನಗು ಬರಬಹುದಿತ್ತು. ಯಾರೂ ನಗಲಿಲ್ಲ.

ಭಾನುವಾರ ಬೆಳಿಗ್ಗೆ ತಂದೆ ಸಲ್ಮಾಬಾದ್‌ಗೂ ತಾಯಿ ಕ್ಲಿನಿಕ್ಕಿಗೂ ಹೋದ ಮೇಲೆ ಅನ್ವಿತಾ ಬರೆದಳು. ಅವಳನ್ನು ಬರೆಯಲು ಕೂರಿಸಿದ್ದು ಧೈರ್ಯವಲ್ಲ. ಸುಮ್ಮನೆ ಹಿಂದೆ ಸರಿದರೆ ಮೂರು ತಿಂಗಳು ಎಂಬ ಅರ್ಜಿ ಲಂಡನ್ನಿನ ಯಾವುದೋ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ನಾಲ್ಕು ವರ್ಷವೋ ಹತ್ತು ವರ್ಷವೋ, ಯಾರಾದರೂ ತೆಗೆದು ನೋಡುವವರೆಗೆ ಅವಳು ಹೆದರುತ್ತಲೇ ಇರಬೇಕು. ಈಗ ಹೇಳಿದರೆ ಆಗುವ ಭಯ ಒಂದು ವಾರದ್ದಿರಬಹುದು. ಚಿಕ್ಕದನ್ನು ಆರಿಸಿಕೊಂಡಳು.

ಬರೆದದ್ದು ನಾಲ್ಕೇ ವಾಕ್ಯ. ನಾನು ಆ ಕಚೇರಿಯಲ್ಲಿ ಇದ್ದದ್ದು ಮೂರು ತಿಂಗಳಲ್ಲ, ಆರು ದಿನ. ಪ್ರತಿ ತೆಗೆಯುವ ಕೆಲಸ ಮಾಡಿದೆ, ವಕೀಲರು ನನ್ನ ಮೇಲ್ವಿಚಾರಕರಾಗಿರಲಿಲ್ಲ, ಸಂದರ್ಶನದಲ್ಲಿ ಹೇಳಿದ ಕೇಸು ಆ ಕಚೇರಿಯದ್ದಲ್ಲ. ಇದನ್ನು ತಿಳಿದೇ ಬರೆದೆ, ತಿಳಿದೇ ಹೇಳಿದೆ. ನನ್ನ ಜಾಗವನ್ನು ಬಿಟ್ಟುಕೊಡುತ್ತಿದ್ದೇನೆ.

ಕಳುಹಿಸುವ ಗುಂಡಿ ಒತ್ತಿ, ಲ್ಯಾಪ್‌ಟಾಪ್ ಮುಚ್ಚಿದಳು.

ಸೋಮವಾರ ಬಹರೈನ್‌ನಲ್ಲಿ ಹನ್ನೊಂದು ಗಂಟೆಯೆಂದರೆ ಲಂಡನ್ನಿನಲ್ಲಿ ಕಚೇರಿ ತೆರೆಯುವ ಒಂಬತ್ತು. ಹನ್ನೊಂದೂ ಕಾಲಿಗೆ ಫೋನ್ ಬಂತು. ನೇಮಕಾತಿ ವಿಭಾಗದ ಹೆಂಗಸು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. ಇಮೇಲ್ ನೀನೇ ಬರೆದದ್ದೇ ಎಂದು ಮೊದಲು ಕೇಳಿದರು. ಹೌದು ಎಂದಳು. ಮೂರು ತಿಂಗಳು ಎಂಬುದಕ್ಕೆ ಪತ್ರವೇನಾದರೂ ಇದೆಯೇ, ಕೊಟ್ಟವರು ಯಾರು ಎಂದು ಕೇಳಿದರು.

ಅನ್ವಿತಾ ಗೋಡೆಗೆ ಒರಗಿದಳು. ಹೆಸರು ಹೇಳದಿದ್ದರೆ ಅದೂ ಒಂದು ಅಪರಾಧವೇ? ತರಗತಿಯಲ್ಲಿ ಇದನ್ನು ಕಲಿಸಿದ್ದರೇ? ನೆನಪಾಗಲಿಲ್ಲ.

"ನನ್ನ ಮನೆಯವರ ಪರಿಚಯದವರು" ಎಂದಳು. "ಅವರ ಮೇಲೆ ತಪ್ಪು ಹಾಕಲು ನನಗೆ ಇಷ್ಟವಿಲ್ಲ. ಅದನ್ನು ಅರ್ಜಿಗೆ ಬಳಸಿದವಳು ನಾನು."

ಆಚೆ ಕಡೆ ಕೀಲಿಮಣೆಯ ಸದ್ದು ಕೇಳಿಸುತ್ತಿತ್ತು. ಅದು ನಿಲ್ಲಲು ಎಷ್ಟು ಹೊತ್ತು ಹಿಡಿಯಿತೋ ಅವಳಿಗೆ ತಿಳಿಯಲಿಲ್ಲ. ಆಮೇಲೆ ಆ ಹೆಂಗಸು ಹೇಳಿದರು: ಜಾಗವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಹಾಗಾಗಿ ಪರಿಶೀಲನೆ ಮುಂದುವರಿಯುವುದಿಲ್ಲ, ಯಾರಿಗೂ ಫೋನ್ ಹೋಗುವುದಿಲ್ಲ. ನಾವು ಹುಡುಕುವ ಮೊದಲು ನೀನೇ ಹೇಳಿದೆ ಎಂದು ದಾಖಲೆಯಲ್ಲಿ ಬರೆಯುತ್ತೇವೆ. ಮುಂದೆ ಯಾರಾದರೂ ಕೇಳಿದರೆ ನೀನು ಇದನ್ನು ಮುಚ್ಚಿಡಬಾರದು. ಅಷ್ಟೆ ಹೇಳಿ ಫೋನ್ ಇಟ್ಟರು.

ಜಯಪಾಲರು ಗೋದಾಮಿನಿಂದಲೇ ಹರ್ಬರ್ಟರಿಗೆ ತಿಳಿಸಿದರು. "ಫೋನ್ ಬರುದಿಲ್ಲ ಪೊರ್ಬುಗಳೇ."  "ಮುದ್ರೆಯನ್ನು ಉಸ್ತಾದ್ ಟೇಬಲಿನ ಮೇಲೆ ಇಟ್ಟು ಬಂದೆ" ಎಂದರು ಹರ್ಬರ್ಟ್. "ಇನ್ನು ಯಾರೂ ನನ್ನತ್ರ ಕೇಳುದು ಬೇಡ."

ಲೆಸ್ಟರ್‌ಗೆ ಮರಳಿದ ಅನ್ವಿತಾ ವೃತ್ತಿನೀತಿಯ ಅಧ್ಯಾಪಕಿಯ ಕೋಣೆಗೆ ಹೋಗಿ ಎಲ್ಲ ಹೇಳಿದಳು. ವಿಭಾಗ ಅವಳಿಗೆ ಲಿಖಿತ ಎಚ್ಚರಿಕೆ ಕೊಟ್ಟಿತು. ವಾರಗಟ್ಟಲೆ ಸಹಪಾಠಿಗಳ ಮುಖ ನೋಡಲು ಹಿಂಜರಿದಳು. ಜೂನ್‌ನಲ್ಲಿ ಪರೀಕ್ಷೆ ಮುಗಿಸಿ ಮನೆಗೆ ಬಂದಳು.

ಟ್ರೈನಿಂಗ್ ಕಾಂಟ್ರಾಕ್ಟಿಗೆ ನೇರವಾಗಿ ಅರ್ಜಿ ಹಾಕಲು ಜುಲೈ 31 ಕೊನೆಯ ದಿನ. ಜುಲೈಯ ಎರಡನೇ ಶನಿವಾರ ಅವಳು ಊಟದ ಮೇಜಿನ ಮುಂದೆ, ಲೆಸ್ಟರ್‌ನ ಒಂದು ಸಣ್ಣ ಸಂಸ್ಥೆಯ ಅರ್ಜಿ ತೆರೆದು ಕೂತಿದ್ದಳು. ಯಾವುದಾದರೂ ಸಂಸ್ಥೆ ನಿಮಗೆ ಕೊಟ್ಟ ಜಾಗವನ್ನು ಹಿಂದಕ್ಕೆ ಪಡೆದಿದೆಯೇ? ಹೌದು ಎಂಬಲ್ಲಿ ಗುರುತು ಹಾಕಿ, ಕೆಳಗೆ ವಿವರ ಬರೆದಳು. ಜಯಪಾಲರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಇದು ಬರ್ದ್ರೆ ಯಾರಾದ್ರೂ ತಗೊಳ್ತಾರಾ?"

"ಗೊತ್ತಿಲ್ಲ ಪಪ್ಪಾ."

"ಬರೀದಿದ್ರೆ?"

"ಬರೀದೆ ನಂಗೆ ನಿದ್ದೆ ಬರುದಿಲ್ಲ."

ಜಯಪಾಲರು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡರು. "ಓದು. ಎಂತ ಬರ್ದಿದ್ದಿ ಕೇಳುವ."

ಅವಳು ಓದಿದಳು. ಆರು ದಿನ ಎಂಬಲ್ಲಿ ಜಯಪಾಲರು ಕೈ ಎತ್ತಿದರು.

"ಆರಲ್ಲ. ಐದೂವರೆ."

"ಎಂತ?"

"ಗುರುವಾರ ಮಧ್ಯಾಹ್ನ ನಾನೇ ಬಂದು ನಿನ್ನನ್ನು ಕನ್ನಡಕದ ಅಂಗಡಿಗೆ ಕರ್ಕೊಂಡು ಹೋದದ್ದು. ವಾಪಸು ಆಫೀಸಿಗೆ ಹೋಗ್ಲಿಲ್ಲ ನೀನು. ಐದೂವರೆ ದಿನ."

ಅನ್ವಿತಾ ಅವರನ್ನು ನೋಡಿದಳು. ಗೋದಾಮಿನಲ್ಲಿ ಬೋಲ್ಟು ಎಣಿಸುವಾಗಿನ ಮುಖ ಅದು, ತಮಾಷೆಯಲ್ಲ.  ಲಂಡನ್ನಿಗೆ ಆರು ಎಂದು ಬರೆದಾಗಿದೆ, ವಿಶ್ವವಿದ್ಯಾಲಯದ ಎಚ್ಚರಿಕೆಯ ಪತ್ರದಲ್ಲೂ ಆರು ಎಂದಿದೆ. ತಪ್ಪೊಪ್ಪಿಗೆಯಲ್ಲೂ ಅರ್ಧ ದಿನ ಹೆಚ್ಚು.

"ಅರ್ಧ ದಿನಕ್ಕೆ ಎಂತ ಆಗುದಿಲ್ಲ" ಎಂದರು ಆಶಾಲತಾ ಅಡುಗೆಮನೆಯಿಂದ.

"ಆಗುದಿಲ್ಲ ಅಂತ ನಿಂಗೆ ಯಾರು ಹೇಳಿದ್ದು?" ಎಂದರು ಜಯಪಾಲರು.

ಅನ್ವಿತಾ ಆರನ್ನು ಅಳಿಸಿ ಐದೂವರೆ ಎಂದು ಬರೆದಳು. ಆಮೇಲೆ ಲಂಡನ್ನಿನ ಆ ಹೆಂಗಸಿಗೂ ಲೆಸ್ಟರ್‌ನ ಅಧ್ಯಾಪಕಿಗೂ ಒಂದೊಂದು ಸಾಲಿನ ಇಮೇಲ್ ಬರೆದಳು: ನಾನು ಹಿಂದೆ ತಿಳಿಸಿದ ಆರು ದಿನಗಳಲ್ಲಿ ಗುರುವಾರದ ಅರ್ಧ ದಿನವನ್ನು ಕಡಿಮೆ ಮಾಡಿಕೊಳ್ಳಬೇಕಾಗಿ ವಿನಂತಿ. ಕಳುಹಿಸುವ ಮೊದಲು ತಂದೆಗೆ ಓದಿ ಹೇಳಿದಳು. ಜಯಪಾಲರು ಇನ್ನೊಮ್ಮೆ ಓದಿಸಿ, ಹೂಂ ಎಂದರು.